ಅರ್ಜಿಯಿಂದ ಆಸ್ಪತ್ರೆಯವರೆಗೆ: ಪ್ಯಾಲೆಸ್ತೀನಿ ಮಹಿಳಾ ಕೈದಿಗಳ ಆರೋಗ್ಯದ ಹಕ್ಕು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಸ್ರೇಲಿನ ಹೈಫಾ ಪಟ್ಟಣದ ಪಕ್ಕ, ಕಾರ್ಮೆಲ್ ಬೆಟ್ಟದ ಮೇಲೆ ದಾಮೋನ್ ಎಂಬ ಸೆರೆಮನೆ ಇದೆ. ಬ್ರಿಟಿಷರ ಕಾಲದಲ್ಲಿ ಅದು ತಂಬಾಕಿನ ಉಗ್ರಾಣವಾಗಿತ್ತು. ತಂಬಾಕಿನ ಎಲೆಗೆ ಒಂದಿಷ್ಟು ತೇವ ಬೇಕು, ಗರಿಗರಿ ಒಣಗಿದರೆ ಪುಡಿಯಾಗಿಬಿಡುತ್ತದೆ. ಮನುಷ್ಯರ ಎದೆಗೂಡಿಗೂ ಕೀಲುಗಳಿಗೂ ಅದೇ ತೇವ ಶತ್ರು. ಯುದ್ಧ ಮತ್ತು ಆಕ್ರಮಣದ ಹೊತ್ತಿನಲ್ಲಿ ನಾಗರಿಕರನ್ನು ಕಾಪಾಡುವ 1949ರ ನಾಲ್ಕನೇ ಜಿನೀವಾ ಒಪ್ಪಂದದ 85ನೇ ವಿಧಿ ಬಂಧಿತರನ್ನಿಡುವ ಕಟ್ಟಡಕ್ಕೆ ತೇವ ತಟ್ಟಬಾರದು, ಬೆಳಕು ಇರಬೇಕು, ಚಳಿಗೆ ಕಾವು ಇರಬೇಕು ಎನ್ನುತ್ತದೆ. 2018ರ ಕೊನೆಯ ಹೊತ್ತಿಗೆ ಹಶರೋನ್ ಸೆರೆಮನೆಯಲ್ಲಿದ್ದ ಪ್ಯಾಲೆಸ್ತೀನಿ ಮಹಿಳೆಯರನ್ನು ಈ ಉಗ್ರಾಣಕ್ಕೆ ಸಾಗಿಸಲಾಯಿತು. ಅಂದಿನಿಂದ ಅವರ ಮುಖ್ಯ ಸೆರೆಮನೆ ಇದೇ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇಂದಿನ ವಿಷಯ ಹೆಚ್ಚುಕಡಿಮೆ ಅದೇ. ಈ ಮಹಿಳೆಯರ ಆರೋಗ್ಯದ ಬಗ್ಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಬರಹಕ್ಕೆ ಬರವಿಲ್ಲ. ಹಲ್ಲಿನ ಸೆಟ್ಟು, ಕನ್ನಡಕಗಳ ತನಕ ಬರೆದಿಟ್ಟಿದ್ದಾರೆ. ಹಕ್ಕು ಕೈಜಾರುವುದು ಕೈದಿ ‘ನನಗೆ ಹುಷಾರಿಲ್ಲ’ ಎಂದ ಗಳಿಗೆಯಿಂದ ಆಸ್ಪತ್ರೆಯ ಹಾಸಿಗೆ ಸಿಗುವವರೆಗಿನ ನಾಲ್ಕೈದು ಮೆಟ್ಟಿಲುಗಳಲ್ಲಿ. ಹಾಗಾಗಿ ಆ ಮೆಟ್ಟಿಲುಗಳನ್ನೇ ಒಂದೊಂದಾಗಿ ಹತ್ತೋಣ. ಅದಕ್ಕೂ ಮೊದಲು ಯಾವ ಕಾನೂನು ಯಾರಿಗೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಇಲ್ಲಿ ಅನುಭವಸ್ಥ ವಕೀಲರೂ ಎಡವುತ್ತಾರೆ.

ನಾಲ್ಕನೇ ಜಿನೀವಾ ಒಪ್ಪಂದ ಬಂಧಿತರನ್ನು ಎರಡು ಗುಂಪಾಗಿ ನೋಡುತ್ತದೆ. ಆರೋಪ ಹೊತ್ತವರು, ಶಿಕ್ಷೆಯಾದವರು ಒಂದು ಗುಂಪು. ಅವರಿಗೆ 76ನೇ ವಿಧಿ. ವಿಚಾರಣೆಯೇ ಇಲ್ಲದೆ ಭದ್ರತೆಯ ಹೆಸರಿನಲ್ಲಿ ಹಿಡಿದಿಟ್ಟವರು ಇನ್ನೊಂದು ಗುಂಪು. ನಮ್ಮ ಕಡೆ ಮುನ್ನೆಚ್ಚರಿಕೆ ಬಂಧನ ಎನ್ನುವುದಕ್ಕೆ ಹತ್ತಿರವಾದ ಇದನ್ನು ಅಲ್ಲಿ ಆಡಳಿತಾತ್ಮಕ ಬಂಧನ ಎನ್ನುತ್ತಾರೆ. ಇವರಿಗೆ 78ನೇ ವಿಧಿಯೂ 79ರಿಂದ 135ರವರೆಗಿನ ಉದ್ದನೆಯ ಅಧ್ಯಾಯವೂ ಅನ್ವಯ. ಆರೋಗ್ಯದ ಸೂಕ್ಷ್ಮ ವಿವರಗಳೆಲ್ಲ ಈ ಎರಡನೇ ಭಾಗದಲ್ಲಿವೆ. 91ನೇ ವಿಧಿ: ಪ್ರತಿ ಬಂಧನ ಸ್ಥಳದಲ್ಲೂ ಅರ್ಹ ವೈದ್ಯರ ಹೊಣೆಯಲ್ಲಿ ಚಿಕಿತ್ಸಾಲಯ; ಹೆರಿಗೆ, ಗಂಭೀರ ಕಾಯಿಲೆ, ಶಸ್ತ್ರಚಿಕಿತ್ಸೆ ಇದ್ದರೆ ತಕ್ಕ ಆಸ್ಪತ್ರೆಗೆ ದಾಖಲು; ಅಲ್ಲಿ ಸಿಗುವ ಆರೈಕೆ ಸಾಮಾನ್ಯ ಜನರಿಗೆ ಸಿಗುವುದಕ್ಕಿಂತ ಕಡಿಮೆಯಾಗಬಾರದು; ಚಿಕಿತ್ಸೆ ಪೂರ್ತಿ ಉಚಿತ. 92ನೇ ವಿಧಿ: ತಿಂಗಳಿಗೊಮ್ಮೆಯಾದರೂ ವೈದ್ಯಕೀಯ ತಪಾಸಣೆ, ತೂಕ ನೋಡುವುದು, ಅಂಟುರೋಗ ಇದೆಯೇ ಎಂದು ಹುಡುಕುವುದು, ವರ್ಷಕ್ಕೊಮ್ಮೆ ಎಕ್ಸ್‌ರೇ.

76ನೇ ವಿಧಿ ಚಿಕ್ಕದು. ಆರೋಗ್ಯ ಉಳಿಸಿಕೊಳ್ಳಲು ಸಾಕಾಗುವಷ್ಟು ಊಟ ಮತ್ತು ಸ್ವಚ್ಛತೆ, ದೇಹಸ್ಥಿತಿಗೆ ಬೇಕಾದ ಚಿಕಿತ್ಸೆ, ಮಹಿಳೆಯರಿಗೆ ಬೇರೆ ಜಾಗ ಮತ್ತು ಮಹಿಳಾ ಸಿಬ್ಬಂದಿಯ ನೇರ ಉಸ್ತುವಾರಿ, ರೆಡ್‌ಕ್ರಾಸ್ ಪ್ರತಿನಿಧಿಗಳ ಭೇಟಿ, ತಿಂಗಳಿಗೆ ಕನಿಷ್ಠ ಒಂದು ನೆರವಿನ ಪೊಟ್ಟಣ. ಶಿಕ್ಷೆಯಾದ ಮಹಿಳೆಯ ಪರ ‘ತಿಂಗಳ ತೂಕದ ದಾಖಲೆ ಕೊಡಿ’ ಎಂದು 92ನೇ ವಿಧಿ ಹಿಡಿದು ಬರೆದರೆ, ‘ಇದು ನಿಮ್ಮ ಕಕ್ಷಿದಾರರಿಗೆ ಅನ್ವಯಿಸದು’ ಎಂಬ ಒಂದು ಸಾಲಿನ ಉತ್ತರ ಬರಬಹುದು. ಆಗ ವಿಶ್ವಸಂಸ್ಥೆಯ ಎರಡು ನಿಯಮಾವಳಿಗಳನ್ನು ಹಿಡಿಯಬೇಕು. ಒಂದು, ಎಲ್ಲ ಕೈದಿಗಳಿಗಾಗಿ 2015ರ ಡಿಸೆಂಬರ್ 17ರಂದು ಒಪ್ಪಿದ 122 ನೆಲ್ಸನ್ ಮಂಡೇಲಾ ನಿಯಮಗಳು. ಇನ್ನೊಂದು, ಮಹಿಳಾ ಕೈದಿಗಳಿಗೆಂದೇ 2010ರ ಡಿಸೆಂಬರ್ 21ರಂದು ಒಪ್ಪಿದ 70 ಬ್ಯಾಂಕಾಕ್ ನಿಯಮಗಳು. ಇವು ಒಪ್ಪಂದಗಳಲ್ಲ, ಸಹಿ ಹಾಕಿ ಬದ್ಧವಾಗುವ ಮಾತಿಲ್ಲ. ಆದರೆ ‘ಮಾನವೀಯ ವರ್ತನೆ’ ಎಂದು ಒಪ್ಪಂದ ಹೇಳಿದಾಗ ಅದರ ಅಳತೆಗೋಲು ಏನು ಎಂದು ಕೇಳಿದರೆ ವಿಶ್ವಸಂಸ್ಥೆಯ ಸಮಿತಿಗಳು ತೋರಿಸುವುದು ಇವನ್ನೇ.

ಇಸ್ರೇಲಿನ ನಿಲುವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. ನಾಲ್ಕನೇ ಜಿನೀವಾ ಒಪ್ಪಂದವನ್ನು ಅದು 1951ರಲ್ಲಿ ಅನುಮೋದಿಸಿದೆ. ಆದರೆ ಪ್ಯಾಲೆಸ್ತೀನಿ ಪ್ರದೇಶಗಳಾದ ವೆಸ್ಟ್ ಬ್ಯಾಂಕ್ ಮತ್ತು ಗಾಜಾಕ್ಕೆ ಅದು ಕಾನೂನಿನ ಪ್ರಕಾರ ಅನ್ವಯಿಸುವುದಿಲ್ಲ, ಮಾನವೀಯ ಅಂಶಗಳನ್ನು ಮಾತ್ರ ತಾವಾಗಿ ಪಾಲಿಸುತ್ತೇವೆ ಎಂಬುದು ಅದರ ವಾದ. ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಜುಲೈ 9ರ ಸಲಹಾ ಅಭಿಪ್ರಾಯದಲ್ಲಿ ಈ ವಾದವನ್ನು ಒಪ್ಪಲಿಲ್ಲ. ಮಾನವ ಹಕ್ಕುಗಳ ಒಪ್ಪಂದಗಳು ತನ್ನ ಗಡಿಯೊಳಗೆ ಮಾತ್ರ ಎಂಬ ಮತ್ತೊಂದು ವಾದವೂ ಇದೆ. ಅದೂ ಅದೇ ಅಭಿಪ್ರಾಯದಲ್ಲಿ ಬಿದ್ದಿತು. ಆದರೆ ಕೈದಿಗಳ ವಿಷಯದಲ್ಲಿ ಆ ವಾದವನ್ನು ಬೀಳಿಸಲು ನ್ಯಾಯಾಲಯವೂ ಬೇಕಿಲ್ಲ. 76ನೇ ವಿಧಿಯ ಪ್ರಕಾರ ಆಕ್ರಮಿತ ಪ್ರದೇಶದವರನ್ನು ಆ ಪ್ರದೇಶದಲ್ಲೇ ಸೆರೆಯಿಡಬೇಕು. ದಾಮೋನ್ ಇರುವುದು ಇಸ್ರೇಲಿನೊಳಗೆ. ಇಸ್ರೇಲಿನ ಸುಪ್ರೀಂ ಕೋರ್ಟ್ 1988ರಲ್ಲೂ 2010ರಲ್ಲೂ ಈ ಸಾಗಣೆಯನ್ನು ಎತ್ತಿಹಿಡಿಯಿತು. ಹೀಗೆ 76ನೇ ವಿಧಿಯನ್ನು ಮೀರಿ ಒಳಗೆ ತಂದದ್ದರಿಂದಲೇ ಆ ಮಹಿಳೆಯರು, ಯಾರೂ ತಕರಾರು ಎತ್ತಲಾಗದ ಇಸ್ರೇಲಿನ ನೆಲದ ಮೇಲೆ ನಿಂತಿದ್ದಾರೆ. 1991ರಲ್ಲಿ ಆ ದೇಶ ಅನುಮೋದಿಸಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದ, ಚಿತ್ರಹಿಂಸೆ ವಿರೋಧಿ ಒಪ್ಪಂದ, ಮಹಿಳಾ ತಾರತಮ್ಯ ನಿವಾರಣೆಯ ಒಪ್ಪಂದ ಎಲ್ಲವೂ ಅಲ್ಲಿ ನೇರ ಅನ್ವಯ. ತುರ್ತುಪರಿಸ್ಥಿತಿಯ ಹೆಸರಿನಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ 9ನೇ ವಿಧಿಯ ಹೊಣೆಯಿಂದ, ಅಂದರೆ ಬಂಧನದ ಕ್ರಮಕ್ಕೆ ಸಂಬಂಧಿಸಿದ ಹೊಣೆಯಿಂದ, ಇಸ್ರೇಲ್ ವಿನಾಯಿತಿ ಘೋಷಿಸಿಕೊಂಡಿದೆ. ಕ್ರೂರ ವರ್ತನೆಯನ್ನು ತಡೆಯುವ ಅದರ 7ನೇ ವಿಧಿಗೆ ಅಂಥ ವಿನಾಯಿತಿ ಯಾರಿಗೂ ಇಲ್ಲ.

ಇನ್ನು ಮೆಟ್ಟಿಲುಗಳು.

ಮೊದಲನೆಯದು ಒಳಬಂದ ದಿನದ ತಪಾಸಣೆ. ಮಂಡೇಲಾ 30ನೇ ನಿಯಮದ ಪ್ರಕಾರ ಆದಷ್ಟು ಬೇಗ ವೈದ್ಯರೋ ಅರ್ಹ ಆರೋಗ್ಯ ಸಿಬ್ಬಂದಿಯೋ ಪರೀಕ್ಷಿಸಬೇಕು. ಮಹಿಳೆಯಾದರೆ ಏನೇನು ನೋಡಬೇಕೆಂದು ಬ್ಯಾಂಕಾಕ್ 6ನೇ ನಿಯಮ ಹೇಳುತ್ತದೆ: ಈಗ ಬಸುರಿಯೇ, ಇತ್ತೀಚೆಗೆ ಹೆರಿಗೆಯಾಗಿದೆಯೇ, ಗರ್ಭಕೋಶದ ತೊಂದರೆ ಇದೆಯೇ, ಮನಸ್ಸಿಗೆ ಆಘಾತವಾಗಿದೆಯೇ, ಆತ್ಮಹತ್ಯೆಯ ಅಪಾಯ ಇದೆಯೇ, ಬಂಧನಕ್ಕೆ ಮುಂಚೆ ಲೈಂಗಿಕ ದೌರ್ಜನ್ಯ ನಡೆದಿದೆಯೇ. 8ನೇ ನಿಯಮ ಇದರ ಮಗ್ಗುಲಲ್ಲೇ ನಿಂತಿದೆ: ಈ ಖಾಸಗಿ ಚರಿತ್ರೆಯನ್ನು ಹೇಳದೇ ಇರುವ ಹಕ್ಕೂ ಆಕೆಗಿದೆ. ವಿಚಾರಣಾ ಕೇಂದ್ರದಿಂದ ಬಂದವಳ ಎದುರು ಕಾವಲುಗಾರ ನಿಂತಿದ್ದರೆ ಯಾರು ತಾನೇ ಬಾಯಿಬಿಡುತ್ತಾರೆ? ಅದಕ್ಕೇ 11ನೇ ನಿಯಮ ಪರೀಕ್ಷೆಯ ಹೊತ್ತಿನಲ್ಲಿ ವೈದ್ಯ ಸಿಬ್ಬಂದಿ ಮಾತ್ರ ಇರಬೇಕು, ಬೇರೆಯವರು ಇರಲೇಬೇಕಾದರೆ ಅವರು ಮಹಿಳೆಯೇ ಆಗಿರಬೇಕು ಎನ್ನುತ್ತದೆ. ಈ ಮೊದಲ ತಪಾಸಣೆ ಕೆಟ್ಟರೆ ಮುಂದಿನದೆಲ್ಲ ಕೆಟ್ಟ ಹಾಗೆ. ಮೊದಲ ದಿನದ ತೂಕ, ರಕ್ತದೊತ್ತಡ, ಮೈಮೇಲಿನ ಬಾಸುಂಡೆ ಬರೆದಿಡದಿದ್ದರೆ, ಆರು ತಿಂಗಳ ಮೇಲೆ 15 ಕಿಲೋ ಇಳಿದಿದ್ದಾಳೆ ಎಂದು ತೋರಿಸುವುದಾದರೂ ಹೇಗೆ? 34ನೇ ಮಂಡೇಲಾ ನಿಯಮ ಚಿತ್ರಹಿಂಸೆಯ ಗುರುತು ಕಂಡ ವೈದ್ಯರು ಅದನ್ನು ದಾಖಲಿಸಿ ವರದಿ ಮಾಡಲೇಬೇಕು ಎಂದು ಕಟ್ಟುಪಾಡು ಹಾಕುತ್ತದೆ.

ಎರಡನೆಯದು ಚಿಕಿತ್ಸಾಲಯಕ್ಕೆ ಹೋಗುವ ಕೋರಿಕೆ. ಇಲ್ಲಿ ಮುಖ್ಯ ಪ್ರಶ್ನೆ ಒಂದೇ: ‘ತುರ್ತು’ ಎಂದು ತೀರ್ಮಾನಿಸುವವರು ಯಾರು? ಕೈದಿ ಹೇಳಿದ್ದನ್ನು ಕಾವಲುಗಾರ್ತಿ ಕೇಳಿ, ಅವಳು ಮೇಲಿನವರಿಗೆ ಹೇಳಿ, ಅವರು ಮನಸ್ಸು ಮಾಡಿದರೆ ನರ್ಸ್ ಬರುವ ಪದ್ಧತಿಯಲ್ಲಿ ತೀರ್ಪು ಬಿಳಿ ಕೋಟಿನವರ ಕೈಯಲ್ಲಿಲ್ಲ, ಬೀಗದ ಕೈ ಹಿಡಿದವರ ಕೈಯಲ್ಲಿದೆ. ಮಂಡೇಲಾ 27ನೇ ನಿಯಮ ವೈದ್ಯಕೀಯ ತೀರ್ಮಾನವನ್ನು ವೈದ್ಯಕೀಯ ಸಿಬ್ಬಂದಿ ಮಾತ್ರ ಮಾಡಬೇಕು, ಸೆರೆಮನೆಯ ಬೇರೆ ಸಿಬ್ಬಂದಿ ಅದನ್ನು ತಳ್ಳಿಹಾಕುವಂತಿಲ್ಲ ಎಂದಿದೆ. ನೋವಿಗೆಲ್ಲ ಒಂದೇ ಪ್ಯಾರಾಸಿಟಮಾಲ್ ಎಂಬುದು ಬಿಡುಗಡೆಯಾದವರ ಹಳೆಯ ದೂರು. ಸ್ತ್ರೀರೋಗ ತಜ್ಞರು ಬೇಕಾದಾಗ ಸಿಗುವುದಿಲ್ಲ ಎಂಬುದೂ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಹಿಳಾ ವೈದ್ಯರೇ ಬೇಕೆಂದು ಕೇಳಿದರೆ, ತುರ್ತಿನ ಸಂದರ್ಭ ಬಿಟ್ಟು, ಸಾಧ್ಯವಾದ ಮಟ್ಟಿಗೆ ಒದಗಿಸಬೇಕು ಎಂಬುದು ಬ್ಯಾಂಕಾಕ್ 10ನೇ ನಿಯಮ. ಸ್ತನ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಹೊರಗಿನ ಅದೇ ವಯಸ್ಸಿನ ಮಹಿಳೆಗೆ ಸಿಗುವಂತೆಯೇ ಸಿಗಬೇಕು ಎಂಬುದು 18ನೆಯದು.

ಮೂರನೆಯ ಮೆಟ್ಟಿಲು ಪ್ರಯಾಣ. ಕೇಳಿದವರಿಗೆ ಇದು ಕ್ಷುಲ್ಲಕ ಅನಿಸಬಹುದು, ಆದರೆ ಚಿಕಿತ್ಸೆ ಹೆಚ್ಚಾಗಿ ಮುರಿದುಬೀಳುವುದು ಇಲ್ಲೇ. ಕೈದಿಗಳನ್ನು ಸಾಗಿಸುವ ಗಾಡಿಗೆ ‘ಬೋಸ್ತಾ’ ಎನ್ನುತ್ತಾರೆ. ಕಬ್ಬಿಣದ ಕುರ್ಚಿ, ಸಣ್ಣ ಗೂಡು, ಕೈಗೂ ಕಾಲಿಗೂ ಬೇಡಿ. ಗಾಡಿ ನೇರ ಆಸ್ಪತ್ರೆಗೆ ಹೋಗುವುದಿಲ್ಲ. ಬೇರೆ ಬೇರೆ ಸೆರೆಮನೆಗಳ ಮುಂದೆ ನಿಂತು ಕೈದಿಗಳನ್ನು ಹತ್ತಿಸಿಕೊಂಡು, ನಡುವೆ ತಂಗುಕೋಣೆಗಳಲ್ಲಿ ಕಾಯಿಸಿ, ಕಾರಿನಲ್ಲಿ ಒಂದೆರಡು ತಾಸಿನ ದಾರಿಯನ್ನು ಇಡೀ ದಿನದ್ದೋ ಅದಕ್ಕೂ ಹೆಚ್ಚಿನದ್ದೋ ಮಾಡುತ್ತದೆ. ಮುಟ್ಟಿನ ದಿನಗಳಲ್ಲಿ, ಮೂತ್ರದ ಸೋಂಕು ಇದ್ದಾಗ, ಬೆನ್ನು ಮೂಳೆ ನೋಯುವಾಗ ಆ ಗಾಡಿ ಹತ್ತುವುದೆಂದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಎಷ್ಟೋ ಮಂದಿ ‘ಬೇಡ, ನೋವೇ ವಾಸಿ’ ಎಂದು ಸುಮ್ಮನಾಗುತ್ತಾರೆ. ಆಗ ಕಡತದಲ್ಲಿ ಬೀಳುವ ಸಾಲು: ‘ಕೈದಿ ಚಿಕಿತ್ಸೆ ನಿರಾಕರಿಸಿದ್ದಾರೆ.’ ಆಮೇಲೆ ಕೋರ್ಟಿನಲ್ಲಿ ಇದೇ ಸಾಲು ಸರ್ಕಾರದ ಪರ ಸಾಕ್ಷಿ. ಆದ್ದರಿಂದ ಕೈದಿಗಳಿಗೆ ವಕೀಲರು ಹೇಳಿಕೊಡಬೇಕಾದ ಮೊದಲ ಪಾಠ ಇದು: ನಿರಾಕರಣೆಯ ಕಾಗದಕ್ಕೆ ಬರಿದೇ ಸಹಿ ಹಾಕಬೇಡಿ, ‘ಚಿಕಿತ್ಸೆ ಬೇಕು, ಈ ರೀತಿಯ ಸಾಗಣೆಯನ್ನು ತಾಳಲಾರೆ, ಬೇರೆ ವಾಹನ ಕೊಡಿ’ ಎಂದು ಬರೆದು ಸಹಿ ಮಾಡಿ. ಇದಕ್ಕೆ ಬೆನ್ನೆಲುಬಾಗಿ ಮಂಡೇಲಾ 73ನೇ ನಿಯಮ ಇದೆ: ಗಾಳಿ ಬೆಳಕು ಸಾಲದ, ದೇಹಕ್ಕೆ ಅನಗತ್ಯ ಕಷ್ಟ ಕೊಡುವ ವಾಹನದಲ್ಲಿ ಸಾಗಿಸಕೂಡದು. ಆಡಳಿತಾತ್ಮಕ ಬಂಧನದಲ್ಲಿರುವವರಿಗೆ ಜಿನೀವಾದ 127ನೇ ವಿಧಿಯೂ ಉಂಟು: ಪ್ರಯಾಣ ತೀರಾ ಹಾನಿಕರವಾಗುವಂತಿದ್ದರೆ ರೋಗಿಗಳನ್ನೂ ಹೆರಿಗೆಯವರನ್ನೂ ಸ್ಥಳಾಂತರಿಸಬಾರದು.

ನಾಲ್ಕನೆಯದು ಆಸ್ಪತ್ರೆ. ಹಾಸಿಗೆಗೆ ಕೈಕಾಲು ಬಿಗಿಯುವುದು ಅಲ್ಲಿನ ದೊಡ್ಡ ಜಗಳ. ಹೆರಿಗೆ ನೋವು, ಹೆರಿಗೆ ಮತ್ತು ಅದರ ಬೆನ್ನಿಗಿನ ಹೊತ್ತಿನಲ್ಲಿ ಬೇಡಿ ಹಾಕಲೇಬಾರದು ಎಂದು ಮಂಡೇಲಾ 48 ಮತ್ತು ಬ್ಯಾಂಕಾಕ್ 24 ಎರಡೂ ಷರತ್ತಿಲ್ಲದ ಮಾತಿನಲ್ಲಿ ಹೇಳಿವೆ. ‘ಭದ್ರತೆಯ ಕಾರಣ ಇದ್ದರೆ ಹೊರತು’ ಎಂಬ ಬಾಲಂಗೋಚಿ ಅಲ್ಲಿಲ್ಲ. 2021ರಲ್ಲಿ ವೆಸ್ಟ್ ಬ್ಯಾಂಕಿನ ಒಬ್ಬ ಬಸುರಿ ದಾಮೋನ್‌ನಲ್ಲಿ ಒಂಬತ್ತನೇ ತಿಂಗಳವರೆಗೂ ಇದ್ದರು. ಸಿಸೇರಿಯನ್ ಆಗಬೇಕಿತ್ತು. ಹೊರಗೆ ದೊಡ್ಡ ಒತ್ತಾಯ ಎದ್ದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಜಾಮೀನು ಕೊಟ್ಟು ಗೃಹಬಂಧನಕ್ಕೆ ಕಳಿಸಿದರು. ಬಸುರಿಯರಿಗೆ ಸಾಧ್ಯವಿದ್ದಲ್ಲೆಲ್ಲ ಸೆರೆವಾಸವಲ್ಲದ ಕ್ರಮಕ್ಕೆ ಆದ್ಯತೆ ಕೊಡಿ ಎಂಬ ಬ್ಯಾಂಕಾಕ್ 64ನೇ ನಿಯಮ ಮೊದಲ ದಿನವೇ ಮಾಡಿಸಬೇಕಿದ್ದ ಕೆಲಸ ಅದು.

ಬಸುರಿ, ಬಾಣಂತಿಯರ ಊಟದ ಬಗ್ಗೆ ಕಾನೂನು ‘ದೇಹದ ಅಗತ್ಯಕ್ಕೆ ತಕ್ಕ ಹೆಚ್ಚುವರಿ ಆಹಾರ’ ಎನ್ನುತ್ತದೆ, ಜಿನೀವಾದ 89ನೇ ವಿಧಿ. ಹೀಗೆ ಮೊಗಮ್ಮಾಗಿ ಬಿಟ್ಟರೆ ಒಂದು ಲೋಟ ಹಾಲು ಕೊಟ್ಟು ಕೈತೊಳೆದುಕೊಳ್ಳಬಹುದು. ಅರ್ಜಿಯಲ್ಲಿ ಅಂಕಿ ಬರೆಯಬೇಕು. ಬಸುರಿನ ನಡುವಣ ತಿಂಗಳುಗಳಿಂದ ದಿನಕ್ಕೆ ಸುಮಾರು 300 ಕ್ಯಾಲೊರಿ ಹೆಚ್ಚಿಗೆ, ಹಾಲೂಡಿಸುವವರಿಗೆ ಸುಮಾರು 500. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನವೂ 30ರಿಂದ 60 ಮಿಲಿಗ್ರಾಂ ಕಬ್ಬಿಣಾಂಶ, 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬಸುರಿನ ಅವಧಿಯಲ್ಲಿ ಕನಿಷ್ಠ 8 ಬಾರಿ ತಪಾಸಣೆ. ‘ಯಾವ ತಾರೀಖು ಏನು ಕೊಟ್ಟಿರಿ’ ಎಂದು ಕೇಳಿದರೆ ಅಧಿಕಾರಿಗಳು ತಾರೀಖಿನಲ್ಲೇ ಉತ್ತರಿಸಬೇಕಾಗುತ್ತದೆ. ಹೆತ್ತು, ಮಗುವನ್ನು ಹೊರಗೆ ಬಿಟ್ಟುಬಂದ ಬಾಣಂತಿಯ ಆರೈಕೆಯನ್ನೂ ಬ್ಯಾಂಕಾಕ್ 48ನೇ ನಿಯಮ ಮರೆತಿಲ್ಲ. ಹಾಲು ಕಟ್ಟಿ ಎದೆ ಊದಿಕೊಂಡು ಜ್ವರ ಬಂದವಳಿಗೆ ಚಿಕಿತ್ಸೆ ಬೇಡವೇ?

ಮುಟ್ಟಿನ ಲೆಕ್ಕವೂ ಹಾಗೆಯೇ. ದಿನಕ್ಕೆ 4ರಿಂದ 6 ಪ್ಯಾಡ್, 5 ದಿನ, ಅಂದರೆ ಒಬ್ಬರಿಗೆ ತಿಂಗಳಿಗೆ 20ರಿಂದ 30. ಹೆಚ್ಚು ಸ್ರಾವ ಇರುವವರಿಗೆ ಅದೂ ಸಾಲದು. ಬ್ಯಾಂಕಾಕ್ 5ನೇ ನಿಯಮ ಪ್ಯಾಡ್ ಉಚಿತವಾಗಿರಬೇಕು, ನೀರು ನಿರಂತರ ಇರಬೇಕು ಎನ್ನುತ್ತದೆ. ಮೊದಲು ಕೈದಿಗಳು ಸೆರೆಮನೆಯ ಕ್ಯಾಂಟೀನಿನಲ್ಲಿ ತಮ್ಮ ದುಡ್ಡಿನಿಂದಲೇ ಬಹಳಷ್ಟು ಸಾಮಾನು ಕೊಳ್ಳುತ್ತಿದ್ದರು. ಸರ್ಕಾರದ ಹೊಣೆಯನ್ನು ಹೀಗೆ ಕ್ಯಾಂಟೀನಿಗೆ ಹೊರಿಸಿದ್ದೇ ತಪ್ಪು. ಹಮಾಸ್ ದಾಳಿಯ ದಿನವಾದ 2023ರ ಅಕ್ಟೋಬರ್ 7ರ ನಂತರ ಕ್ಯಾಂಟೀನ್ ಮುಚ್ಚಿತು, ಕೋಣೆಗಳಲ್ಲಿದ್ದ ಸಾಮಾನು ಜಪ್ತಿಯಾಯಿತು, ಕುಟುಂಬದವರ ಭೇಟಿ ನಿಂತಿತು. ಬಂಧಿತ ಮಹಿಳೆಯರಿಗೆ ಪ್ಯಾಡ್, ಊಟ, ಔಷಧ ಸಿಗದಿರುವ ಬಗ್ಗೆ, ಹೊಡೆತದ ಬಗ್ಗೆ ವರದಿಗಳು ಬಂದಿವೆ ಎಂದು 2024ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ತಜ್ಞರು ಕಳವಳ ಹೇಳಿದರು. ಕೈದಿಗಳನ್ನು ಕಾನೂನಿನಂತೆಯೇ ನಡೆಸಿಕೊಳ್ಳುತ್ತಿದ್ದೇವೆ ಎಂಬುದು ಸೆರೆಮನೆ ಇಲಾಖೆಯ ಉತ್ತರ. 2025ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನದೇ ಸುಪ್ರೀಂ ಕೋರ್ಟ್, ಭದ್ರತಾ ಕೈದಿಗಳಿಗೆ (ಭದ್ರತೆಯ ಪ್ರಕರಣಗಳಲ್ಲಿ ಹಿಡಿದಿಟ್ಟ ಪ್ಯಾಲೆಸ್ತೀನಿಯರಿಗೆ) ಸಾಕಷ್ಟು ಆಹಾರ ಸಿಗುತ್ತಿಲ್ಲ, ಸರಿಪಡಿಸಿ ಎಂದು ಆದೇಶಿಸಿತು. ತೂಕದ ದಾಖಲೆ ಏಕೆ ಮುಖ್ಯ ಎಂಬುದು ಈಗ ಇನ್ನಷ್ಟು ಸ್ಪಷ್ಟವಾಗಬೇಕು.

ಕಜ್ಜಿಯ ವಿಷಯ ಸ್ವಲ್ಪ ಹೇಳಬೇಕು. 2024ರಿಂದ ಇಸ್ರೇಲಿನ ಹಲವು ಸೆರೆಮನೆಗಳಲ್ಲಿ ಅದು ಹಬ್ಬಿತು. ಕಜ್ಜಿಗೆ ಔಷಧ ಅಗ್ಗ: ಶೇ 5ರ ಪರ್ಮೆಥ್ರಿನ್ ಮುಲಾಮು ಕತ್ತಿನಿಂದ ಕೆಳಗೆ ಇಡೀ ಮೈಗೆ ಹಚ್ಚಿ 8ರಿಂದ 14 ತಾಸು ಬಿಟ್ಟು ತೊಳೆಯುವುದು, ವಾರದ ಬಳಿಕ ಮತ್ತೊಮ್ಮೆ. ಆದರೆ ಸೆರೆಮನೆಯಲ್ಲಿ ಇದು ಸೋಲುವುದಕ್ಕೆ ಮೂರು ಕಾರಣ. ಒಬ್ಬರಿಗೆ ಹಚ್ಚಿ ಕೋಣೆಯ ಉಳಿದವರನ್ನು ಬಿಟ್ಟರೆ ಹುಳ ಸುತ್ತಿ ಬರುತ್ತದೆ. ಎಲ್ಲರಿಗೂ ಒಂದೇ ದಿನ ಹಚ್ಚಬೇಕು. ಬಟ್ಟೆ, ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಉಟ್ಟದ್ದು ಬಿಟ್ಟರೆ ಬೇರೆ ಜೊತೆ ಇಲ್ಲದವರು ಏನು ಒಗೆದಾರು? ಮತ್ತೆ, ಒಬ್ಬರ ಮಗ್ಗುಲಲ್ಲಿ ಒಬ್ಬರು ನೆಲದ ಮೇಲೆ ಮಲಗುವಷ್ಟು ಇಕ್ಕಟ್ಟಿದ್ದರೆ ಯಾವ ಮುಲಾಮೂ ನಿಲ್ಲುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ‘ಔಷಧ ಕೊಡಿ’ ಎಂದಷ್ಟೇ ಬರೆಯುವುದು ಅರ್ಧ ಕೆಲಸ. ಇಡೀ ಕೋಣೆಗೆ ಒಂದೇ ದಿನ ಚಿಕಿತ್ಸೆ, ಎರಡನೇ ಜೊತೆ ಬಟ್ಟೆ, ಸೋಪು, ಬಿಸಿನೀರು ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳಬೇಕು.

ಏಕಾಂತ ಸೆರೆಯನ್ನು ಶಿಕ್ಷೆಯ ಪ್ರಶ್ನೆ ಎಂದು ಬದಿಗಿಡುವವರಿದ್ದಾರೆ, ಅದು ಆರೋಗ್ಯದ ಪ್ರಶ್ನೆಯೂ ಹೌದು. ದಿನಕ್ಕೆ 22 ತಾಸು ಅಥವಾ ಹೆಚ್ಚು ಹೊತ್ತು ಅರ್ಥಪೂರ್ಣ ಮಾನವ ಸಂಪರ್ಕವಿಲ್ಲದೆ ಇಡುವುದು ಏಕಾಂತ ಸೆರೆ. ಸತತ 15 ದಿನ ಮೀರಿದರೆ ಅದು ದೀರ್ಘ ಏಕಾಂತ, ನಿಷಿದ್ಧ. ಇದು ಮಂಡೇಲಾ 43, 44ನೇ ನಿಯಮಗಳ ಅಳತೆ. ಪ್ಯಾಲೆಸ್ತೀನಿ ಶಾಸನಸಭೆಯ ಸದಸ್ಯೆಯಾಗಿದ್ದ ಖಾಲಿದಾ ಜರ್ರಾರ್ ಅವರನ್ನು 2023ರ ಡಿಸೆಂಬರ್‌ನಲ್ಲಿ ಹಿಡಿದು ಆಡಳಿತಾತ್ಮಕ ಬಂಧನದಲ್ಲಿಟ್ಟರು. 2024ರ ಆಗಸ್ಟ್‌ನಲ್ಲಿ ನೆವೆ ತಿರ್ಜಾ ಸೆರೆಮನೆಯ ಏಕಾಂತ ಕೋಣೆಗೆ ಹಾಕಿದರು. 2025ರ ಜನವರಿಯ ಗಾಜಾ ಕದನವಿರಾಮದಲ್ಲಿ 69 ಮಹಿಳೆಯರು ಬಿಡುಗಡೆಯಾದಾಗ ಅವರೂ ಹೊರಬಂದರು. ಐದು ತಿಂಗಳು ಎಂದರೆ 15 ದಿನದ ಮಿತಿಯ ಹತ್ತು ಪಟ್ಟು. ಗಾಳಿಗಾಗಿ ಬಾಗಿಲ ಕೆಳಗಿನ ಸಂದಿಗೆ ಮುಖ ಒಡ್ಡಿ ಕೂರುವ ಸ್ಥಿತಿಯನ್ನು ಅವರು ವಕೀಲರ ಮೂಲಕ ಹೊರಗೆ ತಿಳಿಸಿದ್ದರು. ಏಕಾಂತ ಸೆರೆಗೆ ‘ತಡೆದುಕೊಳ್ಳಬಲ್ಲರು’ ಎಂಬ ಪ್ರಮಾಣಪತ್ರ ಕೊಡುವುದು ವೈದ್ಯರ ಕೆಲಸವಲ್ಲ; 46ನೇ ನಿಯಮ ಅವರಿಗೆ ವಹಿಸಿದ್ದು ದಿನವೂ ನೋಡಿ, ಕೆಡುತ್ತಿದ್ದರೆ ನಿರ್ದೇಶಕರಿಗೆ ತಿಳಿಸುವುದನ್ನು.

ಸೆರೆಮನೆಯಲ್ಲಿ ಸಾವಾದರೆ? 2022ರ ಜುಲೈ 2ರಂದು ದಾಮೋನ್‌ನಲ್ಲಿ 68 ವರ್ಷದ ಮಹಿಳೆಯೊಬ್ಬರು ತೀರಿಕೊಂಡರು. ಅಂದು ಅಲ್ಲಿದ್ದ ಪ್ಯಾಲೆಸ್ತೀನಿ ಮಹಿಳಾ ಕೈದಿಗಳಲ್ಲೇ ಹಿರಿಯರು, ಬಂಧನವಾಗಿ ಆರು ತಿಂಗಳು ದಾಟಿತ್ತು. ಇಂಥ ಪ್ರಕರಣದಲ್ಲಿ ಮಂಡೇಲಾ 71ನೇ ನಿಯಮದಂತೆ ಸೆರೆಮನೆಗೆ ಹೊರತಾದ ಸಂಸ್ಥೆಗೆ ತಕ್ಷಣ ತಿಳಿಸಿ ನಿಷ್ಪಕ್ಷ ತನಿಖೆಯಾಗಬೇಕು. ಕುಟುಂಬದ ಪರ ಮೊದಲು ಕೇಳಬೇಕಾದ್ದು ಪೂರ್ತಿ ವೈದ್ಯಕೀಯ ಕಡತ, ಕೊನೆಯ 48 ತಾಸಿನ ನರ್ಸ್ ಟಿಪ್ಪಣಿ, ಮರಣೋತ್ತರ ಪರೀಕ್ಷೆಗೆ ಕುಟುಂಬ ಸೂಚಿಸಿದ ವೈದ್ಯರ ಹಾಜರಿ. ತಡಮಾಡಿದರೆ ದೇಹವೂ ಕಡತವೂ ಮಾತಾಡುವುದನ್ನು ನಿಲ್ಲಿಸುತ್ತವೆ.

ದಾರಿಗಳೇನಿವೆ ಎಂಬುದಕ್ಕೆ ಬರೋಣ. ಇಸ್ರೇಲಿನೊಳಗೆ ಮೊದಲು ಸೆರೆಮನೆ ಇಲಾಖೆಗೆ ಲಿಖಿತ ಕೋರಿಕೆ, ಫಲಿಸದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಕೈದಿಯ ಅರ್ಜಿ. ವೈದ್ಯಕೀಯ ಕಡತ ಬೇಕಾದರೆ ಕೈದಿ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು. ಹೊರಗಿನ ವೈದ್ಯರು ಕಡತ ಓದಿ ‘ಇಂಥ ತಪಾಸಣೆ ಇಷ್ಟು ದಿನದೊಳಗೆ ಆಗದಿದ್ದರೆ ಇಂಥ ಹಾನಿ’ ಎಂದು ಬರೆದ ಒಂದು ಪುಟ, ಹತ್ತು ಪುಟದ ಕಾನೂನು ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಗಾಯದ ಗುರುತುಗಳಿದ್ದರೆ, ಚಿತ್ರಹಿಂಸೆಯನ್ನು ದಾಖಲಿಸುವ ವಿಶ್ವಸಂಸ್ಥೆಯ ಕೈಪಿಡಿಯಾದ ಇಸ್ತಾಂಬುಲ್ ಪ್ರೋಟೋಕಾಲ್‌ನಂತೆ ಬರೆಯಬೇಕು: ಕೈದಿಯ ಮಾತನ್ನು ಅವಳ ಮಾತಿನಲ್ಲೇ, ಮೈಯ ನಕ್ಷೆಯ ಮೇಲೆ ಗುರುತು, ಅಳತೆಪಟ್ಟಿ ಇಟ್ಟು ಫೋಟೋ, ಹೇಳಿಕೆಗೂ ಗಾಯಕ್ಕೂ ಹೊಂದಿಕೆ ಎಷ್ಟು ಎಂಬ ದರ್ಜೆ.

ವಿಶ್ವಸಂಸ್ಥೆಯ ಒಪ್ಪಂದ ಸಮಿತಿಗಳಿಗೆ ವೈಯಕ್ತಿಕ ದೂರು ಕೊಡುವ ಬಾಗಿಲು ಇಲ್ಲಿ ತೆರೆದಿಲ್ಲ, ಆ ಐಚ್ಛಿಕ ಕ್ರಮಗಳನ್ನು ಇಸ್ರೇಲ್ ಒಪ್ಪಿಕೊಂಡಿಲ್ಲ. ಉಳಿದಿರುವುದು ಆರೋಗ್ಯದ ಹಕ್ಕು, ಚಿತ್ರಹಿಂಸೆ, ಮಹಿಳೆಯರ ಮೇಲಿನ ಹಿಂಸೆ ಕುರಿತ ವಿಶೇಷ ವರದಿಗಾರರು, ಅಂದರೆ ವಿಶ್ವಸಂಸ್ಥೆ ನೇಮಿಸಿದ ಸ್ವತಂತ್ರ ತಜ್ಞರು. ಅವರಿಗೆ ಬರೆಯಲು ಒಪ್ಪಂದದ ಸಹಿಯೂ ಬೇಕಿಲ್ಲ, ದೇಶದೊಳಗಿನ ಕೋರ್ಟುಗಳನ್ನೆಲ್ಲ ಮುಗಿಸಿ ಬರಬೇಕೆಂದೂ ಇಲ್ಲ. ಹೊರಗಿನ ಕಣ್ಣಾಗಬೇಕಿದ್ದ ರೆಡ್‌ಕ್ರಾಸ್‌ಗೆ 2023ರ ಅಕ್ಟೋಬರ್ 7ರಿಂದ ಭೇಟಿಯ ಅವಕಾಶ ನಿಂತಿತು. ಆ ಭೇಟಿಯ ಹಕ್ಕನ್ನು ಗೌರವಿಸಬೇಕೆಂದು 2025ರ ಅಕ್ಟೋಬರ್ 22ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದ ಒಂದು ವಾರಕ್ಕೆ, ಗಾಜಾದವರನ್ನು ಹಿಡಿದಿಡಲು ಬಳಸುವ ‘ಕಾನೂನುಬಾಹಿರ ಹೋರಾಟಗಾರರು’ ಕಾಯ್ದೆಯಡಿ ಇರುವವರನ್ನು ರೆಡ್‌ಕ್ರಾಸ್ ಭೇಟಿಯಾಗದಂತೆ ಇಸ್ರೇಲಿನ ರಕ್ಷಣಾ ಸಚಿವರು ಆದೇಶ ಹೊರಡಿಸಿದರು.

ಹಾಗಾಗಿ ಸದ್ಯಕ್ಕೆ ಒಳಗಿನ ಸುದ್ದಿ ಹೊರಬರುವುದು ಬಹುಮಟ್ಟಿಗೆ ವಕೀಲರ ಭೇಟಿಯಲ್ಲಿ. ಸಿಗುವ ಆ ಚೂರು ಸಮಯದಲ್ಲಿ ಕೇಳಬೇಕಾದ್ದು ಇಷ್ಟು: ಕೊನೆಯ ಬಾರಿ ತೂಕ ನೋಡಿದ್ದು ಯಾವಾಗ, ಎಷ್ಟಿತ್ತು, ಮುಟ್ಟು ಸರಿಯಾಗಿ ಆಗುತ್ತಿದೆಯೇ, ನಿಂತು ಎಷ್ಟು ತಿಂಗಳಾಯಿತು, ಯಾವ ಮಾತ್ರೆ, ದಿನಕ್ಕೆಷ್ಟು, ಯಾವತ್ತಿನಿಂದ ತಪ್ಪಿದೆ, ವೈದ್ಯರನ್ನು ಕೇಳಿದ ತಾರೀಖು, ಕೇಳಿದ್ದು ಯಾರ ಬಳಿ, ಸಿಕ್ಕ ಉತ್ತರ, ಏನಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ. ಕೊನೆಯದಾಗಿ, ಎದ್ದು ಹೊರಡುವ ಮುಂಚೆ: ಇದರಲ್ಲಿ ಯಾವುದನ್ನು ಹೊರಗೆ ಹೇಳಬಹುದು, ಯಾವುದನ್ನು ಮನೆಯವರಿಗೂ ಹೇಳಬಾರದು?